ತಾನೇ ತೆರೆಯುವ ಗೇಟು, ಅದರ ಹಿಂದಿನ ಲೆಕ್ಕ

ಘಟ್ಟದ ಮೇಲೆ ಮಳೆ ಹಿಡೀತು ಅಂದ್ರೆ ಕೊಲ್ಹಾಪುರ, ಇಚಲಕರಂಜಿ ಕಡೆಯವರು ಕೇಳೋದು ಒಂದೇ ಮಾತು: ರಾಧಾನಗರಿಯ ಎಷ್ಟು ಗೇಟು ತೆರೆದವು? ಶಾಹೂ ಮಹಾರಾಜರು ಭೋಗಾವತಿ ಹೊಳೆಗೆ ಕಟ್ಟಿಸಲು ಕೈಹಾಕಿದ ಆ ಅಣೆಕಟ್ಟಿಗೆ ಏಳು ಸ್ವಯಂಚಾಲಿತ ಗೇಟುಗಳಿವೆ. ನೀರು ಗುರುತು ಮುಟ್ಟಿದರೆ ತಾವೇ ತೆರೆಯುತ್ತವೆ, ಇಳಿದರೆ ತಾವೇ ಮುಚ್ಚುತ್ತವೆ. ಇಂಥ ಗೇಟಿನ ಮಾತು ಬಂದಾಗ ಮೊದಲು ನೆನೆಯಬೇಕಾದವರು ಸರ್ ಎಂ. ವಿಶ್ವೇಶ್ವರಯ್ಯನವರು.

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ. ಹಿರಿಯರು ಆಂಧ್ರದ ಮೋಕ್ಷಗುಂಡಂನವರು. ಮನೆಮಾತು ತೆಲುಗು, ನಾಡಮಾತು ಕನ್ನಡ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ, ಅದರಲ್ಲೇ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದರು.

ಪುಣೆಯ ಖಡಕವಾಸಲಾ ಕೆರೆಯದೊಂದು ತೊಂದರೆ ಇತ್ತು. ಮಳೆಗಾಲದಲ್ಲಿ ಕೋಡಿ ಬಿದ್ದು ನೀರು ಹರಿದು ಹೋಗೋದು, ಬೇಸಿಗೆಯಲ್ಲಿ ಸಾಲದಾಗೋದು. ಕಟ್ಟೆ ಎತ್ತರಿಸಬೇಕೆಂದರೆ ಹಳೇ ಗೋಡೆಯ ಮೇಲೆ ಭಾರ ಹೆಚ್ಚು. ವಿಶ್ವೇಶ್ವರಯ್ಯನವರು 1903ರಲ್ಲಿ ಕೋಡಿಯ ಮೇಲೆ ಸ್ವಯಂಚಾಲಿತ ಗೇಟು ಕೂಡಿಸಿದರು. ಗೇಟಿಗೆ ಎದುರುತೂಕ, ತಕ್ಕಡಿ ಇದ್ದಂಗೆ. ನೀರು ಮಿತಿ ಮೀರಿದರೆ ನೀರಿನ ಬಲದಿಂದಲೇ ತಕ್ಕಡಿ ಆ ಕಡೆ ವಾಲಿ ಗೇಟು ತೆರೆಯೋದು. ಕಟ್ಟೆ ಎತ್ತರಿಸದೆಯೇ ಕೆರೆಯಲ್ಲಿ ಹೆಚ್ಚು ನೀರು ನಿಂತಿತು. ಇದಕ್ಕೆ ಪೇಟೆಂಟ್ ಪಡೆದರೂ, ನೌಕರಿಯ ಕೆಲಸ ಅಂತ ಅದರಿಂದ ಹಣ ಮುಟ್ಟಲಿಲ್ಲ.

ಇದರ ಹಿಂದೆ ದೊಡ್ಡ ಗಣಿತವಿದೆ. ತಾನೇ ನಡೆಯುವ ಯಂತ್ರ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಬೇಕು. ಆದರೆ ಅವಸರದಿಂದ ತಿದ್ದಿದರೆ ಅತ್ತಿಂದಿತ್ತ ತೂಗಾಡಿ ಕೆಟ್ಟೇ ಹೋಗುತ್ತದೆ. ಉಗಿಯಂತ್ರದ ವೇಗ ಹಿಡಿತದಲ್ಲಿಡುವ ಸಾಧನದ ಬಗ್ಗೆ ಮ್ಯಾಕ್ಸ್‌ವೆಲ್ 1868ರಲ್ಲೇ ಈ ಲೆಕ್ಕ ಬರೆದಿದ್ದರು. 1892ರಲ್ಲಿ ರಷ್ಯಾದ ಲ್ಯಾಪುನೋವ್ ಸ್ಥಿರತೆ ಅಂದ್ರೆ ಏನೆಂದು ಸೂತ್ರಕ್ಕೆ ತಂದರು. ಬೋಗುಣಿಯೊಳಗಿನ ಗೋಲಿಯನ್ನು ನೂಕಿದರೆ ಮತ್ತೆ ತಳಕ್ಕೇ ಬರುತ್ತದೆ. ಬೋರಲು ಬೋಗುಣಿಯ ಮೇಲಿನದು ಬಿದ್ದೇ ಹೋಗುತ್ತದೆ. ಮೊದಲನೆಯದು ಸ್ಥಿರ, ಎರಡನೆಯದು ಅಸ್ಥಿರ.

1908ರಲ್ಲಿ ಮೂಸಿ ಹೊಳೆ ಹೈದರಾಬಾದನ್ನು ಮುಳುಗಿಸಿತು. ಮುಂದೆ ಹಾಗಾಗದಂತೆ ಯೋಜನೆ ಮಾಡಿಕೊಡಲು ನಿಜಾಮ ಸರ್ಕಾರ ಕರೆಸಿದ್ದು ಇವರನ್ನೇ. ಊರಿನ ಮೇಲ್ಗಡೆಯೇ ಜಲಾಶಯ ಕಟ್ಟಿ ಪ್ರವಾಹ ತಡೆಯಬೇಕೆಂದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ಕನ್ನಂಬಾಡಿ ಕಟ್ಟೆ ಎದ್ದದ್ದು ಅವರ ಮುಂದಾಳ್ತನದಲ್ಲಿ. ಅಲ್ಲೂ ಸ್ವಯಂಚಾಲಿತ ಗೇಟು ಹಾಕಿದರು. 1955ರಲ್ಲಿ ಭಾರತರತ್ನ ಬಂತು. 1962ರಲ್ಲಿ ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು.

ಗೇಟಿಗೆ ತನ್ನ ಕಟ್ಟೆಯ ಮಟ್ಟ ಮಾತ್ರ ಗೊತ್ತು. ಕೆಳಗಿನ ಕಬ್ಬಿನ ಗದ್ದೆ, ಮಗ್ಗದ ಮನೆ ಗೊತ್ತಿಲ್ಲ. 2019ರ ಆಗಸ್ಟ್‌ನಲ್ಲಿ ಪಂಚಗಂಗೆ ಉಕ್ಕಿದಾಗ ನಾವೆಲ್ಲ ಇದನ್ನು ಕಂಡೆವು. ಪಂಚಗಂಗೆ ಕೃಷ್ಣೆಗೆ ಕೂಡುತ್ತದೆ. ಹಿರಣ್ಯಕೇಶಿ ಗಡಹಿಂಗ್ಲಜ ದಾಟಿ ಬೆಳಗಾವಿ ಜಿಲ್ಲೆಗಿಳಿದು ಘಟಪ್ರಭೆಗೆ ಸೇರುತ್ತದೆ. ಹೊಳೆಗೆ ಗಡಿ ಇಲ್ಲ. ಮೇಲೆ ಎಷ್ಟು ಬಿಟ್ಟರು, ಕೆಳಗೆ ಎಷ್ಟು ನಿಂತಿದೆ ಎಂಬ ಸುದ್ದಿ ತಡವಾದರೆ ಎಂಥ ಗಣಿತವೂ ತೂಗಾಡುತ್ತದೆ. ಒಂದು ಕಟ್ಟೆಯನ್ನು ಗೇಟು ಕಾಯುತ್ತದೆ. ಇಡೀ ಹೊಳೆಯನ್ನು ಕಾಯಬೇಕಾದರೆ ಎರಡೂ ರಾಜ್ಯದ ಮನುಷ್ಯರು ಹೊತ್ತಿಗೆ ಸರಿಯಾಗಿ ಮಾತಾಡಿಕೊಳ್ಳಬೇಕು.