ಡಾ. ಪದ್ಮನಾಭನ್ ಪಲ್ಪು (1863–1950): ಸಿಡುಬಿನ ಲಸಿಕೆಗಾಗಿ ದುಡಿದ ವೈದ್ಯರು

ಪೀಠಿಕೆ

ಮನೆಯ ಒಂದು ಮಗುವಿನ ಮೈಮೇಲೆ ಗುಳ್ಳೆಗಳು ಕಾಣಿಸಿಕೊಂಡರೆ ಉಳಿದ ಮಕ್ಕಳಿಗೂ ಅದು ಹರಡಬಹುದೆಂದು ತಂದೆತಾಯಿಯರು ಆತಂಕಪಡುವುದು ಸಹಜ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಆತಂಕಕ್ಕೆ ಪ್ರಮುಖ ಕಾರಣವಾಗಿದ್ದುದು ಸಿಡುಬು. ಈ ರೋಗದ ವಿರುದ್ಧ ಮೈಸೂರು ಸಂಸ್ಥಾನದಲ್ಲಿ ಸೇವೆ ಸಲ್ಲಿಸಿದ ವೈದ್ಯರಲ್ಲಿ ಡಾ. ಪದ್ಮನಾಭನ್ ಪಲ್ಪು ಅವರು ಗಣ್ಯರು. ಕೇರಳದ ಸಾಮಾಜಿಕ ಸುಧಾರಣೆಯ ಇತಿಹಾಸದಲ್ಲಿ ಅವರ ಹೆಸರು ಪ್ರಸಿದ್ಧವಾಗಿದೆ. ಆದರೆ ಅವರ ವೃತ್ತಿಜೀವನದ ಬಹುಭಾಗವು ಬೆಂಗಳೂರಿನಲ್ಲಿಯೇ ಕಳೆಯಿತೆಂಬುದು ನಮ್ಮ ನಾಗರಿಕರಲ್ಲಿ ಅನೇಕರಿಗೆ ತಿಳಿದಿಲ್ಲ.

ಜನನ ಮತ್ತು ವಿದ್ಯಾಭ್ಯಾಸ

ಪಲ್ಪು ಅವರು 1863ರ ನವೆಂಬರ್ 2ರಂದು ತಿರುವನಂತಪುರದ ಪೇಟ್ಟ ಎಂಬಲ್ಲಿ ಈಳವ ಸಮುದಾಯದ ಕುಟುಂಬದಲ್ಲಿ ಜನಿಸಿದರು. ಅಂದಿನ ತಿರುವಾಂಕೂರು ಸಂಸ್ಥಾನದಲ್ಲಿ ಈ ಸಮುದಾಯದವರಿಗೆ ಸರ್ಕಾರಿ ಶಾಲೆ ಮತ್ತು ಸರ್ಕಾರಿ ಹುದ್ದೆಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ದೇವಾಲಯಗಳನ್ನು ಪ್ರವೇಶಿಸಲು, ಕೆಲವು ಸಾರ್ವಜನಿಕ ರಸ್ತೆಗಳಲ್ಲಿ ನಡೆಯಲು ಸಹ ಅವರಿಗೆ ನಿರ್ಬಂಧವಿತ್ತು. ಪಲ್ಪು ಅವರ ಅಣ್ಣ ವೇಲಾಯುಧನ್ ಅವರು ಪದವೀಧರರಾದರೂ ಸ್ವಂತ ಸಂಸ್ಥಾನದಲ್ಲಿ ಕೆಲಸ ದೊರೆಯದೆ ಮದ್ರಾಸ್ ಸರ್ಕಾರದ ಸೇವೆಗೆ ಸೇರಬೇಕಾಯಿತು.

ಪಲ್ಪು ಅವರು ತಿರುವಾಂಕೂರಿನ ವೈದ್ಯಕೀಯ ಶಿಕ್ಷಣದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಅವರಿಗೆ ಪ್ರವೇಶ ನಿರಾಕರಿಸಲಾಯಿತು. ವಯಸ್ಸಿನ ಕಾರಣವನ್ನು ಮುಂದಿಟ್ಟರೂ ನಿಜವಾದ ಕಾರಣ ಜಾತಿಯೇ ಆಗಿತ್ತು. ಬಳಿಕ ಅವರು ಮದ್ರಾಸಿಗೆ ತೆರಳಿ, ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಬಡತನದ ನಡುವೆಯೇ ವ್ಯಾಸಂಗ ಮಾಡಿ ವೈದ್ಯರಾದರು. ಮರಳಿ ಬಂದು ತಿರುವಾಂಕೂರಿನಲ್ಲಿ ಉದ್ಯೋಗ ಕೋರಿದಾಗ ಅದೂ ದೊರೆಯಲಿಲ್ಲ. ಹೀಗಾಗಿ ಅವರು ಮದ್ರಾಸಿನ ಲಸಿಕಾ ಡಿಪೋದಲ್ಲಿ ಕೆಲಸಕ್ಕೆ ಸೇರಿದರು. ಸಿಡುಬಿನ ಲಸಿಕೆಯ ತಯಾರಿಕೆಯಲ್ಲಿ ಅವರಿಗೆ ದೊರೆತ ಅನುಭವವೇ ಮುಂದೆ ಅವರನ್ನು ಮೈಸೂರು ಸಂಸ್ಥಾನಕ್ಕೆ ಕರೆತಂದಿತು.

ಸಿಡುಬು ಮತ್ತು ಅಂದಿನ ಪೋಷಕರ ಭಯ

ಸಿಡುಬು ತಗುಲಿದವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನರು ಸಾವಿಗೀಡಾಗುತ್ತಿದ್ದರು. ಬದುಕುಳಿದವರ ಮುಖದ ಮೇಲೆ ಕಲೆಗಳು ಉಳಿಯುತ್ತಿದ್ದವು, ಕೆಲವರ ದೃಷ್ಟಿ ಹೋಗುತ್ತಿತ್ತು. ಜನರು ಈ ರೋಗವನ್ನು ಅಮ್ಮ ಎಂದು ಕರೆದು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮಾರಮ್ಮನಿಗೆ ಹರಕೆ ಹೊರುತ್ತಿದ್ದರು. ಎಡ್ವರ್ಡ್ ಜೆನ್ನರ್ 1796ರಲ್ಲಿ ಕಂಡುಹಿಡಿದ ಲಸಿಕೆಯು 1802ರಲ್ಲಿ ಮುಂಬಯಿಗೆ ತಲುಪಿತ್ತು. ಆದರೂ ಜನರು ಲಸಿಕೆಗೆ ಸುಲಭವಾಗಿ ಒಪ್ಪುತ್ತಿರಲಿಲ್ಲ.

ಈ ಹಿಂಜರಿಕೆಗೆ ಕೇವಲ ಅಜ್ಞಾನ ಕಾರಣವಾಗಿರಲಿಲ್ಲ. ಆರಂಭದ ಪದ್ಧತಿಯಲ್ಲಿ ಒಂದು ಮಗುವಿಗೆ ಲಸಿಕೆ ಹಾಕಿ, ಸುಮಾರು ಎಂಟು ದಿನಗಳ ನಂತರ ಅದರ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ ಹಾಕಲಾಗುತ್ತಿತ್ತು. ಹೀಗೆ ತೋಳಿನಿಂದ ತೋಳಿಗೆ ಸಾಗುವಾಗ ಮೊದಲ ಮಗುವಿಗಿದ್ದ ಬೇರೆ ಸೋಂಕುಗಳೂ ಎರಡನೆಯ ಮಗುವಿಗೆ ದಾಟುವ ಸಂಭವವಿತ್ತು. ಚರ್ಮ ಕೆಂಪಾಗಿ ಬಾತುಕೊಳ್ಳುವ ಸರ್ಪಿನಂತಹ ಸೋಂಕು ಮತ್ತು ಸಿಫಿಲಿಸ್ ಈ ರೀತಿ ಹರಡಿದ ಪ್ರಸಂಗಗಳು ಯೂರೋಪಿನಲ್ಲಿ ದಾಖಲಾಗಿದ್ದವು. ಯಾರ ಮನೆಯ ಮಗುವಿನ ರಸ ತಮ್ಮ ಮಗುವಿನ ಮೈಸೇರುವುದೋ ಎಂಬ ಜಾತಿಸಂಬಂಧವಾದ ಅಂಜಿಕೆಯೂ ಇದಕ್ಕೆ ಸೇರಿಕೊಂಡಿತ್ತು. ಜಾತಿಯ ಅಂಜಿಕೆಗೆ ಆಧಾರವಿರಲಿಲ್ಲವಾದರೂ ಸೋಂಕಿನ ಅಂಜಿಕೆಗೆ ಆಧಾರವಿತ್ತು.

ಇದಕ್ಕೆ ಪರಿಹಾರವಾಗಿ ಬಂದದ್ದು ಕರುವಿನ ಲಸಿಕೆ. ಆರೋಗ್ಯವಂತ ಕರುವನ್ನು ಆರಿಸಿ, ಅದರ ಹೊಟ್ಟೆಯ ಭಾಗದ ಕೂದಲು ತೆಗೆದು, ಚರ್ಮವನ್ನು ತೊಳೆದು, ಸಣ್ಣ ಗೀರುಗಳ ಮೂಲಕ ಲಸಿಕೆಯ ಬೀಜವನ್ನು ಹಾಕಲಾಗುತ್ತಿತ್ತು. ಕೆಲವು ದಿನಗಳ ನಂತರ ಗುಳ್ಳೆಗಳಿಂದ ಸಂಗ್ರಹಿಸಿದ ಅಂಶವನ್ನು ಅರೆದು, ಗ್ಲಿಸರಿನ್‌ನಂತಹ ವಸ್ತುವಿನೊಡನೆ ಬೆರೆಸಿ ಕೊಳವೆಗಳಲ್ಲಿ ತುಂಬಲಾಗುತ್ತಿತ್ತು. ಇದರಿಂದ ಒಂದು ಮಗುವಿನ ರಸವನ್ನು ಇನ್ನೊಂದು ಮಗುವಿಗೆ ಹಾಕುವ ಅಗತ್ಯ ತಪ್ಪಿತು. ಆದರೆ ಈ ಲಸಿಕೆಯು ಬಿಸಿಲಿಗೆ ಬೇಗನೆ ಕೆಡುತ್ತಿತ್ತು. ಕರುವಿನ ಆರೈಕೆ, ಉಪಕರಣಗಳ ಶುಚಿತ್ವ ಮತ್ತು ಸಕಾಲದ ಸಾಗಣೆ, ಈ ಮೂರರಲ್ಲಿ ಒಂದು ತಪ್ಪಿದರೂ ಲಸಿಕೆ ವ್ಯರ್ಥವಾಗುತ್ತಿತ್ತು. ಡಿಪೋದ ವೈದ್ಯರ ಹೊಣೆ ಇಲ್ಲಿಯೇ ಇತ್ತು.

ಮೈಸೂರು ಸಂಸ್ಥಾನದ ಸೇವೆ

1891ರ ಸುಮಾರಿಗೆ ಪಲ್ಪು ಅವರು ಮೈಸೂರು ಸಂಸ್ಥಾನದ ವೈದ್ಯಕೀಯ ಸೇವೆಗೆ ಸೇರಿ, ಬೆಂಗಳೂರಿನಲ್ಲಿ ಸಿಡುಬಿನ ಲಸಿಕೆಗೆ ಸಂಬಂಧಿಸಿದ ಕಾರ್ಯದಲ್ಲಿ ತೊಡಗಿದರು. ಹುಟ್ಟಿದ ಸಂಸ್ಥಾನದಲ್ಲಿ ಸಮೀಪ ಬರುವುದೇ ಮೈಲಿಗೆಯೆಂದು ಎಣಿಸಲ್ಪಟ್ಟ ವ್ಯಕ್ತಿಯು, ಇಲ್ಲಿ ಎಲ್ಲ ಜಾತಿಮತಗಳ ಮಕ್ಕಳ ಮೈಸೇರುವ ಲಸಿಕೆಯ ಕಾರ್ಯದಲ್ಲಿ ಪಾಲ್ಗೊಂಡರು. ಆದರೂ ತವರಿನ ಅನ್ಯಾಯವನ್ನು ಅವರು ಮರೆಯಲಿಲ್ಲ. 1891ರ ಮಲಯಾಳಿ ಮನವಿಗೆ ಸಹಿ ಹಾಕಿದ ಪ್ರಮುಖರಲ್ಲಿ ಅವರೂ ಒಬ್ಬರು. 1896ರಲ್ಲಿ 13,176 ಜನರ ಸಹಿಯುಳ್ಳ ಈಳವ ಮನವಿಯನ್ನು ತಿರುವಾಂಕೂರಿನ ಮಹಾರಾಜರಿಗೆ ಸಲ್ಲಿಸುವಲ್ಲಿ ಅವರು ಮುಂದಾಳತ್ವ ವಹಿಸಿದರು.

1892ರಲ್ಲಿ ಸ್ವಾಮಿ ವಿವೇಕಾನಂದರು ಸಂಸ್ಥಾನಕ್ಕೆ ಬಂದಾಗ ಪಲ್ಪು ಅವರಿಗೆ ಅವರ ಪರಿಚಯವಾಯಿತು. ಮುಂದೆ ಮಲಯಾಳಂನ ಮಹಾಕವಿಯಾದ ಕುಮಾರನ್ ಆಶಾನ್ ಅವರು ಬೆಂಗಳೂರಿನ ಶ್ರೀ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ್ದು ಪಲ್ಪು ಅವರ ಆಶ್ರಯದಲ್ಲಿಯೇ.

1898ರ ಪ್ಲೇಗ್

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಿತು. ಸಾವಿರಾರು ಜನರು ಮರಣಹೊಂದಿದರು, ಅನೇಕರು ನಗರವನ್ನೇ ತೊರೆದರು. ಅಂತಹ ಸಂದರ್ಭದಲ್ಲಿ ಪಲ್ಪು ಅವರು ಊರು ಬಿಡದೆ ಪ್ಲೇಗ್ ಶಿಬಿರದಲ್ಲಿ ರೋಗಿಗಳ ಆರೈಕೆಯ ಹೊಣೆ ಹೊತ್ತರು. ಪ್ರತಿದಿನ ರೋಗಿಗಳ ನಡುವೆ ಇದ್ದ ಅವರಿಗೆ ಮನೆಯಲ್ಲಿ ಪುಟ್ಟ ಮಕ್ಕಳಿದ್ದರು. ಅವರ ಮಗ ನಟರಾಜನ್ ಅವರಿಗೆ ಆಗ ಇನ್ನೂ ಮೂರು ವರ್ಷ. ಸೋಂಕು ಮನೆಗೆ ಬಂದೀತೆಂಬ ಭಯಕ್ಕೆ ಎಡೆಯಿದ್ದರೂ ಅವರು ಕರ್ತವ್ಯದಿಂದ ಹಿಂದೆ ಸರಿಯಲಿಲ್ಲ. ಅನಂತರ ಅವರು ಇಂಗ್ಲೆಂಡಿಗೆ ತೆರಳಿ ಸಾರ್ವಜನಿಕ ಆರೋಗ್ಯ ಮತ್ತು ಸೂಕ್ಷ್ಮಾಣು ಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಮಾಡಿ ಮರಳಿದರು ಹಾಗೂ ಬೆಂಗಳೂರು ನಗರದ ಆರೋಗ್ಯಾಧಿಕಾರಿಯಾಗಿ ಸೇವೆ ಸಲ್ಲಿಸಿದರು.

ಸಮಾಜ ಸೇವೆ ಮತ್ತು ಕೊನೆಯ ದಿನಗಳು

ಶ್ರೀ ನಾರಾಯಣ ಗುರುಗಳ ಮಾರ್ಗದರ್ಶನದಲ್ಲಿ 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನಾ ಯೋಗಂ ಸ್ಥಾಪನೆಯಾಗುವಲ್ಲಿ ಪಲ್ಪು ಅವರ ಪಾತ್ರ ಹಿರಿದು. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥ ದೇವಾಲಯವನ್ನು ಪ್ರತಿಷ್ಠಾಪಿಸಿದವರೂ ಇದೇ ಗುರುಗಳು. ಪಲ್ಪು ಅವರ ಮಗ ಮುಂದೆ ನಟರಾಜ ಗುರು ಎಂದು ಹೆಸರಾಗಿ, 1923ರಲ್ಲಿ ನಾರಾಯಣ ಗುರುಕುಲವನ್ನು ಸ್ಥಾಪಿಸಿದರು. ಪಲ್ಪು ಅವರು 1950ರ ಜನವರಿ 25ರಂದು ನಿಧನರಾದರು. ಭಾರತದ ಸಂವಿಧಾನವು ಪೂರ್ಣವಾಗಿ ಜಾರಿಗೆ ಬಂದದ್ದು ಅದರ ಮರುದಿನ.

ಸಿಡುಬಿನ ಅಂತ್ಯವನ್ನು ನೋಡುವ ಅವಕಾಶ ಅವರಿಗೆ ದೊರೆಯಲಿಲ್ಲ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರ ಮೇ ತಿಂಗಳಲ್ಲಿ ಕಂಡುಬಂದಿತು. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆಯು ಜಗತ್ತು ಸಿಡುಬಿನಿಂದ ಮುಕ್ತವಾಗಿದೆಯೆಂದು ಘೋಷಿಸಿತು.

ಸಾರ್ವಜನಿಕರ ಗಮನಕ್ಕೆ

ಪಲ್ಪು ಅವರ ಕಾಲದಲ್ಲಿ ಗಂಗಾನಗರ, ಹೆಬ್ಬಾಳದ ಸುತ್ತಮುತ್ತ ಹೊಲಗದ್ದೆ ಮತ್ತು ಕೆರೆಗಳಿದ್ದವು. ಇಂದು ಇಲ್ಲಿ ಮನೆಗಳು ಒತ್ತಾಗಿವೆ. ಮಕ್ಕಳು ಅಂಗನವಾಡಿ ಮತ್ತು ಶಾಲೆಗಳಲ್ಲಿ ಒಟ್ಟಿಗೆ ಆಡುವುದರಿಂದ ಚರ್ಮದ ಸೋಂಕುಗಳು ಸುಲಭವಾಗಿ ಹರಡುತ್ತವೆ. ಪೋಷಕರು ಈ ಕೆಳಕಂಡ ಅಂಶಗಳನ್ನು ಗಮನಿಸಬೇಕಾಗಿ ಕೋರಲಾಗಿದೆ.

1. ಕಜ್ಜಿಯು ಕಣ್ಣಿಗೆ ಸುಲಭವಾಗಿ ಕಾಣದ ಸಣ್ಣ ಹುಳುವಿನಿಂದ ಬರುತ್ತದೆ, ರಾತ್ರಿ ತುರಿಕೆ ಹೆಚ್ಚು. ವೈದ್ಯರ ಸಲಹೆಯಂತೆ ಮನೆಯ ಎಲ್ಲರೂ ಒಂದೇ ಸಮಯದಲ್ಲಿ ಚಿಕಿತ್ಸೆ ಪಡೆಯಬೇಕು. ಬಟ್ಟೆ ಮತ್ತು ಹಾಸಿಗೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು.

2. ಕೀವುಗುಳ್ಳೆ ಅಥವಾ ಹುಳುಕಡ್ಡಿ ಇರುವ ಮಗುವಿನ ಟವೆಲ್, ಬಾಚಣಿಗೆ ಮತ್ತು ಉಡುಪುಗಳನ್ನು ಬೇರೆ ಮಕ್ಕಳಿಗೆ ಬಳಸಬಾರದು. ವೈದ್ಯರನ್ನು ಕೇಳದೆ ಸ್ಟೀರಾಯ್ಡ್ ಇರುವ ಮುಲಾಮು ಹಚ್ಚಿದಲ್ಲಿ ಹುಳುಕಡ್ಡಿ ಹೆಚ್ಚುತ್ತದೆ.

3. ದಡಾರ ಮತ್ತು ರುಬೆಲ್ಲಾ ಲಸಿಕೆಯನ್ನು 9ರಿಂದ 12 ತಿಂಗಳ ನಡುವೆ ಒಮ್ಮೆ, 16ರಿಂದ 24 ತಿಂಗಳ ನಡುವೆ ಮತ್ತೊಮ್ಮೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಹಾಕಲಾಗುತ್ತದೆ. ತಾಯಿ ಕಾರ್ಡನ್ನು ಜೊತೆಯಲ್ಲಿ ತರಬೇಕು.

4. ಗುಳ್ಳೆಗಳ ಜೊತೆಗೆ ಜ್ವರ, ಉಸಿರಾಟದ ತೊಂದರೆ ಅಥವಾ ಮಂಪರು ಕಂಡುಬಂದಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಲಸಿಕೆ ಅಥವಾ ಚಿಕಿತ್ಸೆಯ ಬಗ್ಗೆ ಸಂದೇಹವಿರುವ ಪೋಷಕರು ಅದನ್ನು ಸಂಕೋಚವಿಲ್ಲದೆ ಆರೋಗ್ಯ ಸಿಬ್ಬಂದಿಯ ಬಳಿ ಕೇಳಬಹುದು. ಪೋಷಕರ ಭಯಕ್ಕೆ ಸೂಕ್ತ ಪರಿಹಾರ ಒದಗಿಸಿದ್ದರಿಂದಲೇ ಲಸಿಕೆಯು ಮನೆಮನೆಗೆ ತಲುಪಿತೆಂಬುದನ್ನು ಪಲ್ಪು ಅವರ ಕಾಲದ ಇತಿಹಾಸವು ತಿಳಿಸುತ್ತದೆ.