ತಾಳ್ಮೆಯ ವಿಜ್ಞಾನಿ ಅವೊಗಾಡ್ರೊ

ಅಂಬಿಕಾನಗರದಿಂದ ಪಿಯುಸಿ ವಿಜ್ಞಾನ ಓದಲು ಹೋಗುವ ನಮ್ಮ ಮಕ್ಕಳಿಗೆ ಅವೊಗಾಡ್ರೊ ಎಂದರೆ ಬಾಯಿಪಾಠ ಮಾಡಬೇಕಾದ ಒಂದು ಸಂಖ್ಯೆ. ಆ ಹೆಸರಿನ ಹಿಂದಿರುವ ಬಾಳು ಹಿರಿಯರಿಗೂ ಪಾಠ.

ಅಮೆಡಿಯೊ ಅವೊಗಾಡ್ರೊ 1776ರಲ್ಲಿ ಇಟಲಿಯ ಟ್ಯುರಿನ್ ನಗರದ ಕಥೋಲಿಕ ಮನೆತನದಲ್ಲಿ ಜನಿಸಿದರು. 20ರ ಹರೆಯದಲ್ಲೇ ಧರ್ಮಸಭೆಯ ಕಾನೂನಿನಲ್ಲಿ ಡಾಕ್ಟರೇಟ್ ಪಡೆದು ವಕೀಲರಾದರು. ಆದರೆ ಮನಸ್ಸನ್ನು ಸೆಳೆದದ್ದು ವಿಜ್ಞಾನ. ಅದನ್ನು ತಾವೇ ಓದಿ ಕಲಿತು ಅಧ್ಯಾಪಕರಾದರು.

1811ರಲ್ಲಿ ಅವರು ಒಂದು ಸರಳ ವಿಚಾರವನ್ನು ಮುಂದಿಟ್ಟರು. ಉಷ್ಣತೆಯೂ ಒತ್ತಡವೂ ಒಂದೇ ಆಗಿದ್ದರೆ, ಒಂದೇ ಅಳತೆಯ ಪಾತ್ರೆಗಳಲ್ಲಿ ಹಗುರವಾದ ಜಲಜನಕವಿರಲಿ, ಭಾರವಾದ ಆಮ್ಲಜನಕವಿರಲಿ, ಅಣುಗಳ ಸಂಖ್ಯೆ ಸಮ. ಅಂದಿನ ಪಂಡಿತರು ಕಿವಿಗೊಡಲಿಲ್ಲ. 1820ರಲ್ಲಿ ದೊರೆತ ಪ್ರಾಧ್ಯಾಪಕ ಹುದ್ದೆಯೂ ರಾಜಕೀಯ ಗಲಭೆಯ ಬಳಿಕ ಕೈತಪ್ಪಿ, ಎಷ್ಟೋ ವರ್ಷಗಳ ನಂತರ ಮರಳಿ ಸಿಕ್ಕಿತು. ಹೆಂಡತಿ ಮಕ್ಕಳೊಂದಿಗೆ ಆಡಂಬರವಿಲ್ಲದೆ ಬಾಳುತ್ತ ಅವರು ತಮ್ಮ ಕೆಲಸ ಮುಂದುವರಿಸಿದರು. 1856ರಲ್ಲಿ ತೀರಿಕೊಂಡರು.

1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸೇರಿದ ರಸಾಯನ ವಿಜ್ಞಾನಿಗಳ ಮುಂದೆ ಇಟಲಿಯವರೇ ಆದ ಕ್ಯಾನಿಜಾರೊ ಆ ವಿಚಾರವನ್ನು ಎತ್ತಿಹಿಡಿದರು. ಅದೇ ವರ್ಷ ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿ, ಸದಾ ಓಡಾಡುವ ಅಣುಗಳು ಪಾತ್ರೆಯ ಗೋಡೆಗೆ ಬಡಿಯುವುದರಿಂದಲೇ ಅನಿಲಕ್ಕೆ ಒತ್ತಡ ಎಂಬ ಸಿದ್ಧಾಂತದ ದಾರಿಯಲ್ಲಿ ಅದೇ ತೀರ್ಮಾನಕ್ಕೆ ಬಂದರು.

ಮನೆಯಲ್ಲಾಗಲಿ ದುಡಿಮೆಯಲ್ಲಾಗಲಿ, ಯಾರೂ ಮೆಚ್ಚದ ಒಳ್ಳೆಯ ಕೆಲಸವೂ ದೇವರ ಲೆಕ್ಕದಲ್ಲಿ ಕಳೆದುಹೋಗದು.