ಮೊಗ್ಲಿಂಗ್ ಪಾದ್ರಿಗಳೂ ಕೊಡಗಿನ ಆನಂದಪುರವೂ

ನಮ್ಮ ಶಾಲೆಯಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿಕೊಂಡು ಹೋದ ವಿದ್ಯಾರ್ಥಿನಿಯರಲ್ಲಿ ಕೆಲವರು ನಮ್ಮನ್ನು ಕಾಣಲು ಬಂದಾಗ ಒಂದು ಪ್ರಶ್ನೆಯನ್ನು ಕೇಳುವುದುಂಟು. ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿರುವ ಜಿಂಬಾಬ್ವೆ, ಜಾಂಬಿಯ, ಮಲಾವಿ ಮೊದಲಾದ ದೇಶಗಳಲ್ಲಿ ಕ್ರೈಸ್ತರು ಬಡ ರೈತರಿಗಾಗಿ ಬೇಸಾಯದ ಕೆಲಸಗಳನ್ನು ನಡೆಯಿಸುತ್ತಿದ್ದಾರೆ. ನೇಗಿಲಿಲ್ಲದವರಿಗೂ ಗುದ್ದಲಿಯಿಂದ ಸಣ್ಣ ಗುಂಡಿಗಳನ್ನು ತೋಡಿ, ಗೊಬ್ಬರವಿಟ್ಟು, ಮುಸುಕಿನ ಜೋಳವನ್ನು ಬಿತ್ತಿ, ಒಣಹುಲ್ಲಿನಿಂದ ನೆಲವನ್ನು ಮುಚ್ಚುವ ಕ್ರಮವನ್ನು ಅಲ್ಲಿ ಕಲಿಸುತ್ತಾರೆ. ಅಂಥ ಕೆಲಸಕ್ಕೆ ಸ್ವಯಂಸೇವಕಿಯರಾಗಿ ಹೋಗಬಹುದೇ, ಹೋದರೆ ನಮ್ಮಿಂದ ಯಾರಿಗಾದರೂ ಪ್ರಯೋಜನವಾದೀತೇ ಎಂಬುದೇ ಅವರ ಪ್ರಶ್ನೆ. ತಂದೆತಾಯಿಗಳ ಪ್ರಶ್ನೆಯೇ ಬೇರೆ. ಹೊಲಗದ್ದೆಗಳ ಕೆಲಸವು ನಮ್ಮೂರಿನಲ್ಲಿಯೇ ಬೇಕಾದಷ್ಟು ಇರುವಾಗ ಹೆಣ್ಣುಮಕ್ಕಳು ಸಮುದ್ರವನ್ನು ದಾಟಿ ಹೋಗುವುದೇಕೆಂದು ಅವರು ಕೇಳುತ್ತಾರೆ.

ಹಿಂದೆ ಕಾಳಮುದ್ದನ ದೊಡ್ಡಿಯೆಂದು ಹೆಸರಾಗಿದ್ದ ಈ ಭಾರತೀನಗರದಲ್ಲಿ ಇಂಥ ಪ್ರಶ್ನೆಯು ಸಹಜವಾದುದೇ. ನಾಲೆಯ ನೀರು, ಕಬ್ಬಿನ ಗದ್ದೆ, ಹಿಪ್ಪುನೇರಳೆಯ ತೋಟ ಇವುಗಳ ನಡುವೆಯೇ ನಮ್ಮ ಮಕ್ಕಳು ಬೆಳೆದವರು. ಇಬ್ಬರ ಪ್ರಶ್ನೆಗೂ ನಾವು ಉಪದೇಶದಿಂದ ಉತ್ತರ ಕೊಡುವುದಕ್ಕಿಂತ, ಒಬ್ಬ ಮಹನೀಯರ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವುದು ಮೇಲೆಂದು ತೋರಿತು. ಅವರು ದೂರದೇಶದಿಂದ ನಮ್ಮ ಕನ್ನಡನಾಡಿಗೇ ಬಂದು ಬಡವರಿಗಾಗಿ ಬೇಸಾಯದ ಕೆಲಸಕ್ಕೆ ಕೈಹಾಕಿದವರು. ಕನ್ನಡದ ಮೊದಲನೆಯ ವೃತ್ತಪತ್ರಿಕೆಯನ್ನು ಹೊರಡಿಸಿದವರೆಂದು ಅವರ ಹೆಸರನ್ನು ನಮ್ಮ ಮಕ್ಕಳು ಬಲ್ಲರು. ಅವರು ಕೊಡಗಿನಲ್ಲಿ ಮಾಡಿದ ಕೆಲಸವನ್ನು ಬಲ್ಲವರು ಕಡಿಮೆ.

ಹರ್ಮನ್ ಮೊಗ್ಲಿಂಗರು 1811ನೆಯ ಇಸವಿಯಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ದೇವಶಾಸ್ತ್ರವನ್ನು ಓದಿದರು. ಅಂಥ ವಿದ್ಯಾವಂತರಿಗೆ ಸ್ವದೇಶದಲ್ಲಿಯೇ ಒಳ್ಳೆಯ ಸಭಾಪಾಲಕ ಪದವಿಯು ದೊರೆಯುತ್ತಿತ್ತು. ಅದನ್ನು ಬಯಸದೆ ಅವರು ಬಾಸೆಲ್ ಮಿಶನ್ನನ್ನು ಸೇರಿ 1836ರಲ್ಲಿ ಮಂಗಳೂರಿಗೆ ಬಂದರು. ಆ ಮಿಶನ್ನಿನವರು ಮಂಗಳೂರಿನಲ್ಲಿ ಕಾಲಿಟ್ಟು ಆಗ ಕೇವಲ ಎರಡು ವರ್ಷಗಳಾಗಿದ್ದುವು.

ಬಂದವರೇ ಮೊಗ್ಲಿಂಗರು ಭಾಷೆಯನ್ನು ಕಲಿಯುವುದಕ್ಕೆ ಕುಳಿತರು. ಹುಡುಗರಿಗಾಗಿ ಒಂದು ಶಾಲೆಯನ್ನು ಸ್ಥಾಪಿಸಿ, ಬೇರೆ ಬಂಗಲೆಯಲ್ಲಿ ಇರುವುದನ್ನು ಬಿಟ್ಟು, ವಿದ್ಯಾರ್ಥಿಗಳ ನಡುವೆಯೇ ವಾಸಮಾಡುತ್ತ ಅವರಂತೆಯೇ ಊಟಮಾಡುತ್ತಿದ್ದರು. ಹೀಗೆ ಪುಸ್ತಕದ ಕನ್ನಡವೂ ಅಡಿಗೆಮನೆಯ ಕನ್ನಡವೂ ಅವರಿಗೆ ಸಮನಾಗಿ ಕೈವಶವಾದುವು. 1843ನೆಯ ಜುಲೈ 1ರಂದು ಅವರು ಮಂಗಳೂರ ಸಮಾಚಾರವನ್ನು ಪ್ರಾರಂಭಿಸಿದರು. ಅದು ಕಲ್ಲಚ್ಚಿನಲ್ಲಿ ಮುದ್ರಿತವಾಗಿ ಹದಿನೈದು ದಿನಗಳಿಗೊಮ್ಮೆ ಹೊರಡುತ್ತಿತ್ತು. ಬಳಿಕ ನೀಲಗಿರಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಧನಸಹಾಯದಿಂದ, 1848ರಿಂದ ಮುಂದಕ್ಕೆ ಕೆಲವು ವರ್ಷಗಳಲ್ಲಿ, ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದ ಹಳೆಯ ಕೃತಿಗಳನ್ನು ಓಲೆಗರಿಗಳಿಂದ ಎತ್ತಿ ಅಚ್ಚುಹಾಕಿಸಿದರು. ಕ್ರೈಸ್ತ ಪಾದ್ರಿಯೊಬ್ಬರು ವೀರಶೈವರ ಪುರಾಣವನ್ನೂ ಹರಿದಾಸರ ಹಾಡುಗಳನ್ನೂ ಆದರದಿಂದ ಕಾಪಾಡಿಕೊಟ್ಟದ್ದು ಎಲ್ಲರೂ ನೆನೆಯತಕ್ಕ ವಿಷಯ.

ಈ ನಡುವೆ 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕರು ದೀಕ್ಷಾಸ್ನಾನವನ್ನು ಹೊಂದಿ, ಗುರುವಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಆಗ ಊರಿನಲ್ಲಿ ಬಹಳ ಗಲಭೆಯಾಯಿತು. ಬಂಧುಬಳಗದಿಂದ ಮನುಷ್ಯನು ಹೊರಬಿದ್ದರೆ ಅವನ ಮನೆ, ಹೊಲ, ಕಸಬುಗಳೆಲ್ಲ ಒಂದೇ ದಿನದಲ್ಲಿ ಕೈತಪ್ಪಿಹೋಗುತ್ತವೆ ಎಂಬುದನ್ನು ಮೊಗ್ಲಿಂಗರು ಕಣ್ಣಾರೆ ಕಂಡರು. ಅನ್ನಕ್ಕೆ ದಾರಿಯನ್ನು ತೋರಿಸದೆ ಬರಿಯ ಬೋಧನೆಯನ್ನು ಮಾಡುವುದು ನ್ಯಾಯವಲ್ಲವೆಂಬ ಭಾವನೆಯು ಆ ಮಿಶನ್ನಿನವರಲ್ಲಿ ಹುಟ್ಟಿದುದು ಇಂಥ ಅನುಭವಗಳಿಂದಲೇ. ಮುಂದೆ ಅವರು ನೇಯಿಗೆಯ ಕಾರ್ಖಾನೆಗಳನ್ನೂ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದದ್ದಕ್ಕೆ ಇದೇ ಕಾರಣ. ಬೇಸಾಯದ ವಿಷಯದಲ್ಲಿಯೂ 1840ರ ಸುಮಾರಿನಲ್ಲಿ ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ಒಂದು ಒಕ್ಕಲುತನದ ನೆಲೆಯನ್ನು ಮಾಡಿ ನೋಡಿದ್ದರು. ಆದರೆ ಅದು ಏಳಿಗೆಗೆ ಬರಲಿಲ್ಲ.

1852ರ ಹೊತ್ತಿಗೆ ಮೊಗ್ಲಿಂಗರ ದೇಹವು ಬಳಲಿತ್ತು. ಅವರು ಸ್ವದೇಶಕ್ಕೆ ಮರಳುವ ಯೋಚನೆಯಲ್ಲಿದ್ದಾಗ ಆಲಮಂಡ ಸೋಮಯ್ಯ ಎಂಬ ಕೊಡವರೊಬ್ಬರು ಮಂಗಳೂರಿಗೆ ಬಂದು ಅವರನ್ನು ಕಂಡರು. ಸೋಮಯ್ಯನವರು ದೀಕ್ಷಾಸ್ನಾನವನ್ನು ಹೊಂದಿ ಸ್ತೆಫನನೆಂಬ ಹೆಸರನ್ನು ಪಡೆದರು. ಅವರು ತಮ್ಮೂರಿಗೆ ಹಿಂದಿರುಗಬೇಕಾಗಿತ್ತು, ಆದರೆ ಅಲ್ಲಿ ಸ್ವಜನರ ವಿರೋಧವು ಕಾದಿತ್ತು. ಅವರೊಬ್ಬರನ್ನೇ ಕಳುಹಿಸಿ ತಾವು ಹಡಗು ಹತ್ತುವುದು ಮೊಗ್ಲಿಂಗರ ಮನಸ್ಸಿಗೆ ಒಪ್ಪಲಿಲ್ಲ. ಕೊಡಗಿನಲ್ಲಿ ಕೆಲಸವನ್ನು ಆರಂಭಿಸೆಂದು ಮಿಶನ್ನಿನಿಂದ ಅಪ್ಪಣೆಯಿರಲಿಲ್ಲ. ಆದರೂ 1853ರಲ್ಲಿ ತಮ್ಮ ಸ್ವಂತ ಹೊಣೆಯ ಮೇಲೆ ಅವರು ಘಟ್ಟವನ್ನು ಹತ್ತಿದರು. ಸ್ವಯಂಸೇವೆ ಎಂಬ ಮಾತಿಗೆ ನಿಜವಾದ ಅರ್ಥ ಇದೇ ಎಂದು ನಾವು ತಿಳಿಯುತ್ತೇವೆ. ಕಷ್ಟದಲ್ಲಿದ್ದ ಒಬ್ಬ ಮನುಷ್ಯನ ಜತೆಗೆ, ಅವನ ಊರಿಗೆ, ಅವರು ಹೋದರು.

ಆಗಿನ ಕೊಡಗು ಹೇಗಿತ್ತೆಂಬುದನ್ನು ಸ್ವಲ್ಪ ಹೇಳಬೇಕು. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜನನ್ನು ಇಳಿಸಿ ಆ ರಾಜ್ಯವನ್ನು ತೆಗೆದುಕೊಂಡಿದ್ದರು. ಅಲ್ಲಿಯ ಗದ್ದೆಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ಆಳುಮಕ್ಕಳು, ಇಂದು ನಾವು ದಲಿತರೆಂದು ಕರೆಯುವ ಜನರು, ಜಮ್ಮದ ಭೂಮಿಗೆ ಕಟ್ಟುಬಿದ್ದಿದ್ದರು. ಭೂಮಿಯು ಯಾರದೋ ಆಳುಗಳೂ ಅವರವರೇ ಎಂಬುದು ರೂಢಿಯಾಗಿತ್ತು. 1843ರಲ್ಲಿ ಭಾರತದಲ್ಲಿ ಗುಲಾಮಗಿರಿಗೆ ನ್ಯಾಯಾಲಯಗಳ ಮಾನ್ಯತೆಯನ್ನು ತೆಗೆದುಹಾಕುವ ಕಾಯಿದೆಯಾಗಿದ್ದರೂ, ಕಾಗದದ ಮೇಲಿನ ಬಿಡುಗಡೆಯು ಕೆಸರಿನಲ್ಲಿ ನಿಂತವರ ಬಳಿಗೆ ಬೇಗನೆ ಬರುವುದಿಲ್ಲ. ಹೊಲವಿಲ್ಲದವನು ಒಡೆಯನನ್ನು ಬಿಟ್ಟು ಹೋಗುವುದಾದರೂ ಎಲ್ಲಿಗೆ?

ಮೊಗ್ಲಿಂಗರು ಮೊದಲು ಆ ನಾಡನ್ನು ಅರಿತುಕೊಂಡರು. ಅಲ್ಲಿಯ ಚರಿತ್ರೆಯನ್ನೂ ಜನಜೀವನವನ್ನೂ ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕವು 1855ರಲ್ಲಿ ಪ್ರಕಟವಾಯಿತು. ಆ ವರ್ಷವೇ ಅವರ ಬಂಧುಗಳೂ ಸತ್ಯವೇದದ ಕನ್ನಡ ಭಾಷಾಂತರದಲ್ಲಿ ದುಡಿದವರೂ ಆದ ಗಾಡ್‌ಫ್ರೀಡ್ ವೈಗ್ಲೆಯವರು ಮಂಗಳೂರಿನಲ್ಲಿ ಕಾಲವಾದರು. ಅವರ ವಿಧವೆಯಾದ ಪೌಲೀನರನ್ನು ಮೊಗ್ಲಿಂಗರು ಮುಂದೆ ವಿವಾಹವಾದರು. ಆಕೆಯೂ ಕೊಡಗಿನ ಕಷ್ಟಜೀವನದಲ್ಲಿ ಪಾಲುಗೊಂಡರು.

ಆ ದಶಕದ ಕೊನೆಯ ಭಾಗದಲ್ಲಿ, ಕ್ರೈಸ್ತರಾದ ಆ ಆಳುಮಕ್ಕಳ ಕುಟುಂಬಗಳಿಗಾಗಿ ದಕ್ಷಿಣ ಕೊಡಗಿನಲ್ಲಿ ಆನಂದಪುರವೆಂಬ ಹೊಸ ಗ್ರಾಮವು ಹುಟ್ಟಿತು. ಆನಂದವೆಂದರೆ ಹರ್ಷ. ಕೌಂಡಿನ್ಯರ ಹೆಸರಿನಲ್ಲಿಯೂ ಅದೇ ಮಾತಿದೆಯೆಂಬುದನ್ನು ವಾಚಕರು ಗಮನಿಸಿರಬಹುದು. ಅಲ್ಲಿ ಕಾಡನ್ನು ಕಡಿದು ಕಾಫಿಯ ತೋಟವನ್ನು ಹಾಕಿದರು. ಕಾಫಿಯ ಕೆಲಸವು ಎಂಥದೆಂಬುದನ್ನು ಬಯಲುಸೀಮೆಯ ನಮ್ಮ ವಾಚಕರಿಗೆ ಹೇಳುವುದು ಅಗತ್ಯ. ರಾಗಿಯಂತೆ ಅದು ನಾಲ್ಕು ತಿಂಗಳಿಗೆ ಬರುವ ಪೈರಲ್ಲ. ಸಸಿಯನ್ನು ನೆಟ್ಟು, ನೆರಳನ್ನು ಕಾಪಾಡಿ, ಕಳೆ ತೆಗೆಯುತ್ತ ಮೂರು ನಾಲ್ಕು ವರ್ಷ ಕಾದ ಮೇಲೆ ಮೊದಲನೆಯ ಫಲವು ಕೈಗೆ ಬರುತ್ತದೆ. ಅಲ್ಲಿಯವರೆಗೆ ಕೂಲಿಗೂ ಊಟಕ್ಕೂ ಹಣ ಬೇಕು. ಆದುದರಿಂದ ಇಂಥ ಕೆಲಸಕ್ಕೆ ಸಾಲವು ಬೆನ್ನ ಹಿಂದೆಯೇ ಬರುತ್ತದೆ. ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1858ರಲ್ಲಿ ಕನ್ನಡ ಗ್ರಂಥಗಳ ಪರಿಶ್ರಮಕ್ಕಾಗಿ ಮೊಗ್ಲಿಂಗರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿದ ಕಾಲದಲ್ಲಿ, ಆ ಪಂಡಿತರ ಚಿಂತೆಯೆಲ್ಲ ಕೊಡಗಿನ ಜನರ ಮೇಲಿತ್ತು.

ಇದೇ ಕಾಲದಲ್ಲಿ ದಕ್ಷಿಣ ಆಫ್ರಿಕದ ಕುರುಮಾನಿನಲ್ಲಿ ರಾಬರ್ಟ್ ಮೊಫಾಟರು ಇಂಥದೇ ಕೆಲಸದಲ್ಲಿದ್ದರು. ಪ್ರಸಿದ್ಧರಾದ ಲಿವಿಂಗ್‌ಸ್ಟನ್ನರಿಗೆ ಇವರು ಹೆಣ್ಣುಕೊಟ್ಟ ಮಾವಂದಿರು. ಸ್ಕಾಟ್ಲೆಂಡಿನಲ್ಲಿ ತೋಟಗಾರರಾಗಿದ್ದ ಇವರು ಆ ಒಣನಾಡಿನ ಬುಗ್ಗೆಯಿಂದ ಕಾಲುವೆಯನ್ನು ತೋಡಿಸಿ ತೋಟವನ್ನೂ ಹೊಲವನ್ನೂ ಮಾಡಿದ್ದಲ್ಲದೆ, ಸೆಟ್ಸ್ವಾನ ಭಾಷೆಯನ್ನು ಕಲಿತು 1857ರಲ್ಲಿ ಸತ್ಯವೇದದ ಭಾಷಾಂತರವನ್ನು ಪೂರ್ಣಗೊಳಿಸಿದರು. ಗುದ್ದಲಿಯನ್ನು ಹಿಡಿದವರೇ ಭಾಷೆಯನ್ನೂ ಕಲಿತರೆಂಬುದು ಇಬ್ಬರಲ್ಲಿಯೂ ಸಮಾನವಾದ ಸಂಗತಿ. ಒಂದು ಭೇದವೂ ಉಂಟು. ಮೊಫಾಟರು ಆ ಸ್ಥಳದ ಸುತ್ತಮುತ್ತಲೇ ಸುಮಾರು ಐವತ್ತು ವರ್ಷ ದುಡಿದರು. ಮೊಗ್ಲಿಂಗರಿಗೆ ಆ ಭಾಗ್ಯವಿರಲಿಲ್ಲ.

1860ರಲ್ಲಿ ಅವರು ಭಾರತವನ್ನು ಬಿಟ್ಟರು, ಮರಳಿ ಬರುವುದಕ್ಕಾಗಲಿಲ್ಲ. ಆನಂದಪುರದ ಹೊಣೆಯು ಬಾಸೆಲ್ ಮಿಶನ್ನಿನ ಮೇಲೂ ಅಲ್ಲಿಯ ಸಭೆಯವರ ಮೇಲೂ ಬಿತ್ತು. ಮಡಿಕೇರಿಯ ವಿದ್ಯಾಶಾಲೆಯ ಕೆಲಸವನ್ನು ರಿಕ್ಟರ್ ಪಾದ್ರಿಗಳು ನಡೆಯಿಸಿದರು. ಕನ್ನಡದ ಗ್ರಂಥಗಳಲ್ಲಿ ಮೊಗ್ಲಿಂಗರು ತೊಡಗಿಸಿದ ಕೃಷಿಯನ್ನು ಕಿಟ್ಟೆಲರು ಮುಂದುವರಿಸಿ 1894ರಲ್ಲಿ ತಮ್ಮ ಮಹಾನಿಘಂಟನ್ನು ಪ್ರಕಟಿಸಿದರು. ಮೊಗ್ಲಿಂಗರು 1881ರಲ್ಲಿ ಎಸ್ಲಿಂಗನ್ ಎಂಬ ಊರಿನಲ್ಲಿ ಕಾಲವಾದರು.

ಸತ್ಪುರುಷರ ಚರಿತ್ರೆಯಲ್ಲಿ ಗುಣಗಳನ್ನು ಮಾತ್ರ ಹೇಳಿ ಕುಂದುಗಳನ್ನು ಮರೆಮಾಡುವುದು ಮಕ್ಕಳಿಗೆ ಉಪಕಾರವಲ್ಲ. ಮೊಗ್ಲಿಂಗರ ಉತ್ಸಾಹವು ಅನೇಕ ವೇಳೆ ಅವರ ಕೈಯಲ್ಲಿದ್ದ ಹಣಕ್ಕಿಂತ ಮುಂದೆ ಓಡುತ್ತಿತ್ತು. ಪ್ರತ್ಯೇಕವಾದ ಕ್ರೈಸ್ತ ಗ್ರಾಮವು ದೀನರಿಗೆ ಆಶ್ರಯವನ್ನು ಕೊಡುವುದು ನಿಜ, ಆದರೆ ನೆರೆಹೊರೆಯವರಿಂದ ಅವರನ್ನು ಬೇರೆಮಾಡುವುದೂ ನಿಜ. ಪಾದ್ರಿಯೇ ಭೂಮಿಯ ಯಜಮಾನನೂ ಆದಲ್ಲಿ, ಹಿಂದಿನ ಒಡೆಯನನ್ನು ಬಿಟ್ಟು ಬಂದವನು ಇನ್ನೊಬ್ಬ ಒಡೆಯನ ಮುಖವನ್ನು ನೋಡುವಂತಾಗುವ ಅಪಾಯವುಂಟು. ಅಲ್ಲದೆ 1860ರ ದಶಕದಲ್ಲಿ ಕಾಂಡಕೊರಕವೂ ಮುಂದೆ ಎಲೆರೋಗವೂ ಕೊಡಗಿನ ಕಾಫಿತೋಟಗಳನ್ನು ಬಹಳವಾಗಿ ಕೆಡಿಸಿದುವು. ಒಂದೇ ಬೆಳೆಯನ್ನು ನಂಬಿದ ಮನೆಯ ಪಾಡು ಏನಾಗುತ್ತದೆಂಬುದನ್ನು ಕಬ್ಬು ಬೆಳೆಯುವ ನಮ್ಮ ಪೋಷಕರಿಗೆ ನಾವು ತಿಳಿಸಬೇಕಾದುದಿಲ್ಲ.

ಇಷ್ಟೆಲ್ಲ ಇದ್ದರೂ ಒಂದು ಸಂಗತಿಯು ನಿಲ್ಲುತ್ತದೆ. ಭೂಮಿಯ ಜತೆಯಲ್ಲಿ ಲೆಕ್ಕಕ್ಕೆ ಬರುತ್ತಿದ್ದ ಜನರು, ತಮ್ಮ ಗುಡಿಸಲು, ತಮ್ಮ ಸಭೆ, ತಮ್ಮ ಮಕ್ಕಳ ಶಾಲೆ ಎಂದು ಹೇಳಿಕೊಳ್ಳುವ ಒಂದು ಊರನ್ನು ಕಂಡರು. ಮೊಗ್ಲಿಂಗರು ಅವರಿಗೆ ಭಿಕ್ಷೆಯನ್ನು ಹಾಕಿದ್ದರೆ ಅದು ಆ ಸಂಜೆಗೇ ಮುಗಿಯುತ್ತಿತ್ತು. ಅವರು ಕೆಲಸಮಾಡುವ ನೆಲವನ್ನು ಹುಡುಕಿಕೊಟ್ಟುದರಿಂದ, ಅವರು ಹೊರಟುಹೋದ ಮೇಲೂ ಆ ಊರು ಉಳಿಯಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಮ್ಮ ಹೆಣ್ಣುಮಕ್ಕಳು ಆಫ್ರಿಕಕ್ಕೆ ಹೋಗಬಹುದೇ? ಹೋಗಬಹುದು. ಆದರೆ ಮೊಗ್ಲಿಂಗರು ಕೊಡಗಿಗೆ ಹೋಗುವ ಮೊದಲು ಹದಿನಾರು ವರ್ಷ ಕನ್ನಡವನ್ನು ಕಲಿತಿದ್ದರೆಂಬುದನ್ನು ಮರೆಯಬಾರದು. ಮೂರು ತಿಂಗಳಿಗಾಗಿ ಹೋಗುವವಳು ತಾನು ಕಲಿಸುವುದಕ್ಕಲ್ಲ, ಕಲಿಯುವುದಕ್ಕೆ ಹೋಗುತ್ತಿರುವೆನೆಂದು ತಿಳಿದು ಹೋಗಲಿ. ಅಲ್ಲಿಯ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಗುದ್ದಲಿ ಹಿಡಿದು ದುಡಿಯುವವರು. ಅವರಿಗೆ ಅವರ ನೆಲದ ಗುಣ ನಮಗಿಂತ ಚೆನ್ನಾಗಿ ಗೊತ್ತು. ಅವರ ಮಾತನ್ನು ನಾಲ್ಕಾದರೂ ಕಲಿತು, ಅವರ ಜತೆಯಲ್ಲಿ ಉಂಡು, ಅವರು ಹೇಳಿದ ಸಾಲಿನಲ್ಲಿ ಕಳೆ ತೆಗೆದು ಬಂದರೆ ಸಾಕು. ತಾನು ಬಂದ ಮೇಲೆ ಕೆಲಸವು ಯಾರ ಕೈಯಲ್ಲಿ ಉಳಿಯುವುದೆಂಬುದನ್ನು ಹೋಗುವ ಮುಂಚೆಯೇ ವಿಚಾರಿಸಲಿ.

ಪೋಷಕರಿಗೂ ಒಂದು ಮಾತು. ದೂರದೇಶದ ಹುಡುಗನೊಬ್ಬನನ್ನು ಅವನ ಮನೆಯವರು ಹೀಗೆಯೇ ಕಳುಹಿಸಿಕೊಟ್ಟುದರಿಂದ ನಮ್ಮ ಕನ್ನಡಕ್ಕೆ ಮೊದಲನೆಯ ಪತ್ರಿಕೆಯೂ ಕೊಡಗಿನ ನಿರ್ಗತಿಕರಿಗೆ ಒಂದು ನೆಲೆಯೂ ದೊರಕಿದುವು. ನಾವು ಪಡೆದ ಆ ಉಪಕಾರವನ್ನು ಬೇರೊಂದು ನಾಡಿಗೆ ತಿರುಗಿಸುವ ಸಮಯವು ಬಂದರೆ ಹಿಂಜರಿಯಬೇಡಿರಿ. ಹೋಗಲಾರದ ಮಗಳಿಗೂ ಕೆಲಸವುಂಟು. ನಮ್ಮ ನಾಲೆಯ ಕೊನೆಯಲ್ಲಿ, ನೀರು ಸರಿಯಾಗಿ ಮುಟ್ಟದ ಗದ್ದೆಗಳಲ್ಲಿ, ಕೂಲಿಯ ಮಕ್ಕಳು ಇನ್ನೂ ಇದ್ದಾರೆ. ಅವರಲ್ಲಿ ಒಬ್ಬಳ ಜತೆಗೆ ಅವಳ ಮನೆಯವರೆಗೆ ನಡೆದುಹೋಗುವುದರಿಂದ ಈ ಸೇವೆಯನ್ನು ಪ್ರಾರಂಭಿಸಬಹುದು. ದೇವರು ನಮ್ಮ ವಿದ್ಯಾರ್ಥಿನಿಯರ ಕೈಕೆಲಸವನ್ನು ಎಲ್ಲಿದ್ದರೂ ಸ್ಥಿರಪಡಿಸಲಿ.